ಕಿರುಮೆದುಳಿಗೆ ಪೆಟ್ಟಾದ ಮಕ್ಕಳು ಮತ್ತು ಯೋಚನೆ ಹೊರಳಿಸುವ ಶಕ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

"ಗಡ್ಡೆ ತೆಗೆದ್ರು, ಈಗ ನಡೀತಾನೆ, ಊಟ ಮಾಡ್ತಾನೆ, ಎಲ್ಲಾ ಸರಿ ಮೇಡಂ. ಆದ್ರೆ ಹಠ ಜಾಸ್ತಿ ಆಗಿದೆ." ಕಿರುಮೆದುಳಿನ ಆಪರೇಷನ್ ಆಗಿ ಐದಾರು ತಿಂಗಳಾದ ಮೇಲೆ ನನ್ನ ಹತ್ತಿರ ಬರುವ ಅಪ್ಪ ಅಮ್ಮಂದಿರು ಹೆಚ್ಚುಕಡಿಮೆ ಈ ಮಾತನ್ನೇ ಹೇಳುತ್ತಾರೆ. ನಾನು ಮಕ್ಕಳ ಮನಶ್ಶಾಸ್ತ್ರಜ್ಞೆ. ಮೆದುಳಿಗೆ ಪೆಟ್ಟಾದ ಮಕ್ಕಳ ಜೊತೆ ಕೂತು ಅವರ ಗಮನ, ನೆನಪು, ಯೋಚನೆ ಹೇಗಿದೆ ಅಂತ ನೋಡುವುದು ನನ್ನ ಕೆಲಸ. ಆ "ಹಠ" ಅನ್ನುವ ಪದ ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಏಕೆಂದರೆ ಬಹಳ ಸಲ ಅದು ಹಠವೇ ಅಲ್ಲ. ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಕಿರುಮೆದುಳು ಅಂದ್ರೆ ಯಾವುದು?

ತಲೆಯ ಹಿಂದೆ, ಕುತ್ತಿಗೆ ಶುರುವಾಗುವ ಜಾಗಕ್ಕಿಂತ ಸ್ವಲ್ಪ ಮೇಲೆ ಕೈ ಇಟ್ಟು ನೋಡಿ. ಆ ಮೂಳೆಯ ಒಳಗೆ ಇರುವುದೇ ಕಿರುಮೆದುಳು. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಅನುಮಸ್ತಿಷ್ಕ ಅಂತ ಓದಿರುತ್ತೀರಿ. ಡಾಕ್ಟರ್ ಸೆರೆಬೆಲ್ಲಮ್ ಅನ್ನುತ್ತಾರೆ.

ಹೆಸರಿಗೆ ಕಿರಿದು. ಗಾತ್ರದಲ್ಲಿ ಇಡೀ ಮೆದುಳಿನ ಹತ್ತರಲ್ಲಿ ಒಂದು ಪಾಲು ಅಷ್ಟೇ. ಆದರೆ 2009ರಲ್ಲಿ ಬ್ರೆಜಿಲ್‌ನ ವಿಜ್ಞಾನಿಗಳು ಮನುಷ್ಯನ ಮೆದುಳಿನ ನರಕೋಶಗಳನ್ನು ಲೆಕ್ಕ ಹಾಕಿದಾಗ ಒಟ್ಟು ಸುಮಾರು 8,600 ಕೋಟಿ ಸಿಕ್ಕವು. ಅದರಲ್ಲಿ ಸುಮಾರು 6,900 ಕೋಟಿ ಕಿರುಮೆದುಳಿನಲ್ಲೇ ಇದ್ದವು. ಇಷ್ಟು ಕೋಶಗಳನ್ನು ಬರೀ ನಡೆಯೋದಕ್ಕೆ, ನಿಲ್ಲೋದಕ್ಕೆ ಅಂತ ಇಟ್ಟಿರುತ್ತದೆಯೇ? ಈ ಪ್ರಶ್ನೆ ವಿಜ್ಞಾನಿಗಳನ್ನೂ ಕಾಡಿದೆ.

ಯೋಚನೆ ಹೊರಳಿಸುವ ಶಕ್ತಿ ಅಂದ್ರೆ ಏನು?

ಬೆಳಿಗ್ಗೆ ಶಾಲೆಗೆ ಹೊರಟಿದ್ದೀರಿ. ಬಸ್ಸು ಬರಲಿಲ್ಲ. ಸರಿ, ಆಟೋ ಹಿಡಿಯೋಣ ಅಂತೀರಿ. ಆಟೋ ಹೋಗುವ ದಾರಿಯಲ್ಲಿ ರಸ್ತೆ ಅಗೆದಿದ್ದಾರೆ. ಸರಿ, ಆ ಕಡೆಯಿಂದ ಹೋಗೋಣ ಅಂತೀರಿ. ಐದು ನಿಮಿಷದಲ್ಲಿ ಎರಡು ಸಲ ನಿಮ್ಮ ಯೋಚನೆ ಹೊರಳಿತು. ನಿಮಗದು ಗೊತ್ತಾಗಲೂ ಇಲ್ಲ.

ಇದರ ಒಳಗೆ ಹಲವು ಸಣ್ಣ ಕೆಲಸಗಳಿವೆ. ಹಳೆಯದು ಇನ್ನು ನಡೆಯಲ್ಲ ಅಂತ ಗೊತ್ತಾಗಬೇಕು. ಅದನ್ನು ಕೈಬಿಡಬೇಕು. ಹೊಸದನ್ನು ಹಿಡಿಯಬೇಕು. ಮತ್ತೆ ಹಳೆಯದಕ್ಕೆ ಜಾರದ ಹಾಗೆ ನೋಡಿಕೊಳ್ಳಬೇಕು. ಇದರಲ್ಲಿ ಯಾವುದೊಂದು ತಡವಾದರೂ ಮಗು ಅಲ್ಲೇ ನಿಂತುಬಿಡುತ್ತದೆ.

ಈ ಶಕ್ತಿ ಹುಟ್ಟಿನಿಂದಲೇ ಬಂದಿರುವುದಿಲ್ಲ. ಮೂರು ವರ್ಷದ ಮಗುವಿಗೆ ಕೆಂಪು, ನೀಲಿ ಬಣ್ಣದ ಚಿತ್ರಗಳಿರುವ ಕಾರ್ಡು ಕೊಟ್ಟು "ಬಣ್ಣ ನೋಡಿ ಬೇರೆ ಮಾಡು" ಅನ್ನಿ, ಮಾಡುತ್ತದೆ. "ಈಗ ಬಣ್ಣ ಬೇಡ, ಚಿತ್ರ ನೋಡಿ ಬೇರೆ ಮಾಡು" ಅಂದರೆ ಸಾಮಾನ್ಯವಾಗಿ ಬಣ್ಣದಲ್ಲೇ ಮುಂದುವರಿಯುತ್ತದೆ. ನಾಲ್ಕು, ಐದು ವರ್ಷಕ್ಕೆ ಬದಲಿಸಲು ಕಲಿಯುತ್ತದೆ. ಆಮೇಲೂ ಹದಿಹರೆಯದವರೆಗೆ ಈ ಶಕ್ತಿ ಬೆಳೆಯುತ್ತಲೇ ಇರುತ್ತದೆ.

ನಡಿಗೆ ನೋಡಿಕೊಳ್ಳುವ ಮೆದುಳಿಗೂ ಯೋಚನೆಗೂ ಏನು ಸಂಬಂಧ?

ನ್ಯೂರಾಲಜಿಸ್ಟ್ ಹತ್ತಿರ ಹೋದಾಗ ಅವರು ಮಗುವಿಗೆ ಒಂದು ಸಣ್ಣ ಕೆಲಸ ಕೊಡುವುದನ್ನು ನೋಡಿರುತ್ತೀರಿ. ಒಂದು ಅಂಗೈ ಮೇಲೆ ಇನ್ನೊಂದು ಕೈಯಿಂದ ತಟ್ಟಬೇಕು. ಒಮ್ಮೆ ಅಂಗೈ ಕೆಳಮುಖವಾಗಿ, ಒಮ್ಮೆ ಮೇಲ್ಮುಖವಾಗಿ. ಮಗುಚು, ಮತ್ತೆ ಮಗುಚು, ಬೇಗ ಬೇಗ. ಕಿರುಮೆದುಳಿಗೆ ಪೆಟ್ಟಾದ ಮಗು ಒಂದೊಂದು ಸಲ ಸರಿಯಾಗೇ ತಟ್ಟುತ್ತದೆ. ಕೈಯಲ್ಲಿ ಬಲವೂ ಇದೆ. ಆದರೆ ಮಗುಚುವಾಗ ತಾಳ ತಪ್ಪುತ್ತದೆ. ಒಮ್ಮೆ ತಡ, ಒಮ್ಮೆ ಜಾಸ್ತಿ, ಒಮ್ಮೆ ಪಕ್ಕಕ್ಕೆ. ತೊಂದರೆ ಇರುವುದು ಒಂದರಿಂದ ಇನ್ನೊಂದಕ್ಕೆ ಹೊರಳುವ ಆ ಕ್ಷಣದಲ್ಲಿ.

ಕೈ ಜಾಗದಲ್ಲಿ ಯೋಚನೆಯನ್ನು ಇಟ್ಟು ನೋಡಿ. ನಾನು ಅಪ್ಪ ಅಮ್ಮಂದಿರಿಗೆ ಹೇಳುವುದು ಇಷ್ಟನ್ನೇ.

ಈ ಮಾತಿಗೆ ಹಿಂದೆ ಸುಮಾರು ನಲವತ್ತು ವರ್ಷದ ಕೆಲಸ ಇದೆ. 1986ರಲ್ಲಿ ಹೆನ್ರಿಯೆಟ್ಟಾ ಲೀನರ್, ಆಲನ್ ಲೀನರ್, ರಾಬರ್ಟ್ ಡೌ ಅನ್ನುವ ಮೂವರು ಅಮೆರಿಕದಲ್ಲಿ ಒಂದು ಲೇಖನ ಬರೆದು, ಕಿರುಮೆದುಳು ಯೋಚನೆಗೂ ನೆರವಾಗುತ್ತಿರಬಹುದು ಅಂದರು. ಆಗ ಒಪ್ಪಿದವರು ಕಡಿಮೆ. 1994ರಲ್ಲಿ ಫ್ರಾಂಕ್ ಮಿಡಲ್‌ಟನ್ ಮತ್ತು ಪೀಟರ್ ಸ್ಟ್ರಿಕ್, ನರದಿಂದ ನರಕ್ಕೆ ದಾಟುವ ವೈರಸ್ ಒಂದನ್ನು ಬಳಸಿ ಕೋತಿಗಳ ಮೆದುಳಿನ ದಾರಿಗಳನ್ನು ಹುಡುಕಿದರು. ಕಿರುಮೆದುಳಿನಿಂದ ಹೊರಟ ತಂತಿಗಳು ಕೈಕಾಲು ಆಡಿಸುವ ಭಾಗಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಹಣೆಯ ಹಿಂದಿನ ಭಾಗಕ್ಕೂ, ಅಂದರೆ ಯೋಜನೆ ಹಾಕುವ, ನಿಯಮ ಹಿಡಿದಿಡುವ ಜಾಗಕ್ಕೂ ಹೋಗುತ್ತಿದ್ದವು. ಇದು ಹೋಗಿ ಬರುವ ದಾರಿ. ಮುಂದಿನ ಮೆದುಳಿನಿಂದ ಸುದ್ದಿ ಕಿರುಮೆದುಳಿಗೆ ಬರುತ್ತದೆ, ಅಲ್ಲಿಂದ ಥಲಾಮಸ್ ಅನ್ನುವ, ಮೆದುಳಿನ ನಡುವೆ ಸುದ್ದಿ ದಾಟಿಸುವ ಭಾಗದ ಮೂಲಕ ವಾಪಸ್ ಮುಂದಕ್ಕೆ ಹೋಗುತ್ತದೆ.

1998ರಲ್ಲಿ ಬಾಸ್ಟನ್‌ನ ಡಾಕ್ಟರ್ ಜೆರೆಮಿ ಶ್ಮಾಮನ್ ಮತ್ತು ಜಾನೆಟ್ ಶೆರ್ಮನ್, ಕಿರುಮೆದುಳಿಗೆ ಮಾತ್ರ ಪೆಟ್ಟಾದ 20 ರೋಗಿಗಳನ್ನು ವಿವರವಾಗಿ ಪರೀಕ್ಷೆ ಮಾಡಿ ಬರೆದರು. ಯೋಜನೆ ಹಾಕುವುದು, ಒಂದು ನಿಯಮದಿಂದ ಇನ್ನೊಂದಕ್ಕೆ ಹೊರಳುವುದು, ಮಾತು ಹುಡುಕುವುದು, ಜಾಗದ ಅಂದಾಜು, ಭಾವನೆ ಹಿಡಿತದಲ್ಲಿಡುವುದು, ಇವೆಲ್ಲ ಒಟ್ಟಿಗೆ ಏರುಪೇರಾಗಿದ್ದವು. ಈ ಗುಂಪು ಲಕ್ಷಣಗಳನ್ನು ಈಗ ಶ್ಮಾಮನ್ ಸಿಂಡ್ರೋಮ್ ಅಂತಲೂ ಕರೆಯುತ್ತಾರೆ. ಮಗುವಿನ ರಿಪೋರ್ಟಿನಲ್ಲಿ ಸಿಸಿಎಎಸ್ ಅಂತ ಬರೆದಿದ್ದರೆ ಅದು ಇದೇ.

ಕಿರುಮೆದುಳು ಮಾಡುವ ಕೆಲಸವನ್ನು ಬಹಳ ವಿಜ್ಞಾನಿಗಳು ಹೀಗೆ ನೋಡುತ್ತಾರೆ: ಮುಂದೇನಾಗುತ್ತದೆ ಅಂತ ಮೊದಲೇ ಅಂದಾಜು ಹಾಕುವುದು, ಆದದ್ದಕ್ಕೂ ಅಂದಾಜಿಗೂ ತಾಳೆ ನೋಡುವುದು. ಕತ್ತಲಲ್ಲಿ ಮೆಟ್ಟಿಲು ಇಳಿಯುವಾಗ ಇನ್ನೊಂದು ಮೆಟ್ಟಿಲಿದೆ ಅಂದುಕೊಂಡು ಕಾಲಿಟ್ಟರೆ ನೆಲ ತಗುಲಿ ಧಕ್ ಅನ್ನುತ್ತಲ್ಲ, ಆ ಧಕ್ ಅನ್ನುವುದೇ ಸುದ್ದಿ. ನಿಯಮ ಬದಲಾದಾಗಲೂ ಮನಸ್ಸಿಗೆ ಅಂಥ ಒಂದು ಸಣ್ಣ ಧಕ್ ಬೇಕು. ಈ ಮಕ್ಕಳಿಗೆ ಅದು ತಡವಾಗಿ ಬರುತ್ತದೆ, ಅಥವಾ ಮಂಕಾಗಿ ಬರುತ್ತದೆ.

ಮಕ್ಕಳ ಕಿರುಮೆದುಳಿಗೆ ಪೆಟ್ಟಾಗುವುದು ಯಾವುದರಿಂದ?

ನಾನು ಜಾಸ್ತಿ ನೋಡುವುದು ಗಡ್ಡೆಗಳನ್ನು. ದೊಡ್ಡವರಿಗೆ ಹೋಲಿಸಿದರೆ ಮಕ್ಕಳಲ್ಲಿ ಮೆದುಳಿನ ಗಡ್ಡೆಗಳು ತಲೆಯ ಹಿಂಭಾಗದಲ್ಲಿ ಬರುವುದು ಹೆಚ್ಚು. ಅದರಲ್ಲಿ ಮುಖ್ಯವಾದವು ಎರಡು. ಪೈಲೊಸಿಟಿಕ್ ಆಸ್ಟ್ರೊಸೈಟೋಮಾ ನಿಧಾನವಾಗಿ ಬೆಳೆಯುವಂಥದ್ದು. ಪೂರ್ತಿ ತೆಗೆಯಲು ಆದರೆ ಸಾಮಾನ್ಯವಾಗಿ ಆಪರೇಷನ್ ಒಂದೇ ಸಾಕಾಗುತ್ತದೆ. ಮೆಡುಲ್ಲೊಬ್ಲಾಸ್ಟೋಮಾ ಕ್ಯಾನ್ಸರ್ ಗಡ್ಡೆ. ಅದಕ್ಕೆ ಆಪರೇಷನ್ ಜೊತೆ ಕೀಮೋ ಬೇಕು, ವಯಸ್ಸು ನೋಡಿಕೊಂಡು ರೇಡಿಯೇಷನ್ ಕೊಡುತ್ತಾರೆ.

ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳಲ್ಲಿ ಅಲ್ಲಿ ರಕ್ತಸ್ರಾವ ಆಗಬಹುದು. ಅಪಘಾತ, ಸ್ಟ್ರೋಕ್, ಹುಟ್ಟಿನಿಂದಲೇ ಕಿರುಮೆದುಳು ಸರಿಯಾಗಿ ರೂಪುಗೊಳ್ಳದಿರುವುದು, ಇವೂ ಇವೆ.

ಚಿಕನ್‌ಪಾಕ್ಸ್, ನಮ್ಮಲ್ಲಿ "ಅಮ್ಮ ಆಗಿದೆ" ಅನ್ನುತ್ತಾರಲ್ಲ, ಅದಾದ ಮೇಲೆ ಕೆಲವು ಮಕ್ಕಳು ಇದ್ದಕ್ಕಿದ್ದಂತೆ ತೂರಾಡಿಕೊಂಡು ನಡೆಯುತ್ತಾರೆ. ಡಾಕ್ಟರಿಗೆ ತೋರಿಸಲೇಬೇಕು. ಆದರೆ ಇದು ಬಹುಪಾಲು ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಇಲ್ಲಿ ಬರೆದದ್ದನ್ನೆಲ್ಲ ಅದಕ್ಕೂ ಹೊಂದಿಸಿಕೊಂಡು ಹೆದರಬೇಡಿ.

ಚಿಕ್ಕ ವಯಸ್ಸು, ಮೆದುಳು ತಾನೇ ಸರಿ ಮಾಡಿಕೊಳ್ಳುತ್ತೆ ಅಲ್ವಾ?

ನಾನೂ ಹಾಗೇ ಹೇಳುತ್ತಿದ್ದೆ. ಕೆಲಸ ಶುರು ಮಾಡಿದ ಹೊಸತರಲ್ಲಿ ಒಬ್ಬ ತಾಯಿಗೆ "ಇನ್ನೂ ಚಿಕ್ಕವನು, ಆರು ತಿಂಗಳಲ್ಲಿ ಸರಿ ಹೋಗ್ತಾನೆ" ಅಂದಿದ್ದೆ. ಆ ಮಾತು ನಂಬಿ ಅವರು ಒಂದೂವರೆ ವರ್ಷ ಸುಮ್ನೆ ಕಾದರು. ಆ ಒಂದೂವರೆ ವರ್ಷ ಆ ಮಗು ಮನೆಯಲ್ಲೂ ಶಾಲೆಯಲ್ಲೂ ಬೈಸಿಕೊಂಡಿತು. ನನಗೆ ಅದು ಇವತ್ತಿಗೂ ನೋವು.

ಎಳೆಯ ಮೆದುಳು ಬೇಗ ಚೇತರಿಸಿಕೊಳ್ಳುತ್ತದೆ ಅನ್ನುವ ಮಾತಿಗೆ ಹಿಂದೆ 1930ರ ದಶಕದಲ್ಲಿ ಮಾರ್ಗರೆಟ್ ಕೆನ್ನಾರ್ಡ್ ಕೋತಿಗಳ ಮೇಲೆ ಮಾಡಿದ ಕೆಲಸ ಇದೆ. ಕೈಕಾಲಿನ ಚಲನೆಯ ವಿಷಯದಲ್ಲಿ ಅದರಲ್ಲಿ ಸತ್ಯವೂ ಇದೆ. ಆಪರೇಷನ್ ಆದ ಮಗು ಎದ್ದು ಓಡಾಡುವುದನ್ನು ನೋಡಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಆದರೆ ಕಿರುಮೆದುಳು ಮತ್ತು ಯೋಚನೆಯ ವಿಷಯ ಬಂದಾಗ ಲೆಕ್ಕ ತಿರುಗುಮುರುಗಾಗುತ್ತದೆ. ದೊಡ್ಡವರಲ್ಲಿ ಮುಂದಿನ ಮೆದುಳು ಆಗಲೇ ಬೆಳೆದು ನಿಂತಿರುತ್ತದೆ. ಮಗುವಿನಲ್ಲಿ ಅದು ಇನ್ನೂ ಕಲಿಯುತ್ತಿದೆ, ಕಿರುಮೆದುಳು ಅದಕ್ಕೆ ಪಾಠ ಹೇಳುವ ಮೇಷ್ಟ್ರ ಹಾಗೆ. ಮೇಷ್ಟ್ರೇ ರಜೆ ಹಾಕಿದರೆ ಪಾಠ ನಿಲ್ಲುತ್ತದೆ. ಪೆಟ್ಟು ಹಿಂದೆ, ಅದರ ಪರಿಣಾಮ ಮುಂದೆ. ಪ್ರಿನ್ಸ್‌ಟನ್‌ನ ಸ್ಯಾಮ್ಯುಯೆಲ್ ವಾಂಗ್ ಮತ್ತು ಜೊತೆಗಾರರು 2014ರಲ್ಲಿ ಮುಂದಿಟ್ಟ ವಿವರಣೆ ಹೆಚ್ಚುಕಡಿಮೆ ಇದೇ.

2018ರಲ್ಲಿ ಅವರ ಗುಂಪು ಎಳೆಯ ಇಲಿಗಳಲ್ಲಿ ಕಿರುಮೆದುಳಿನ ಹಿಂಭಾಗದ ಕೆಲವು ಜಾಗಗಳ ಕೆಲಸವನ್ನು ಔಷಧಿ ಕೊಟ್ಟು ಕೆಡಿಸಿ ನೋಡಿತು. ಇಲಿಗಳು ನೀರಿನಲ್ಲಿ ಈಜಿಕೊಂಡು ಕವಲು ದಾರಿಯ ಒಂದು ಕಡೆ ಹೋಗಲು ಕಲಿಯಬೇಕಿತ್ತು. ಆಮೇಲೆ ಸರಿಯಾದ ಕಡೆಯನ್ನು ಬದಲಿಸುತ್ತಿದ್ದರು. ಯಾವ ಜಾಗ ಕೆಟ್ಟಿತ್ತು ಅನ್ನುವುದರ ಮೇಲೆ, ಕೆಲವು ಇಲಿಗಳಿಗೆ ಈ ಬದಲಾವಣೆ ಕಲಿಯುವುದೇ ಕಷ್ಟವಾಯಿತು. ಇಲಿಗೂ ಮಗುವಿಗೂ ವ್ಯತ್ಯಾಸ ಇದೆ ನಿಜ. ಆದರೆ ಹಳೆ ದಾರಿಗೇ ತಿರುಗುವ ಆ ಇಲಿಯ ಬಗ್ಗೆ ಓದಿದಾಗ ನನಗೆ ನನ್ನ ಹತ್ತಿರ ಬರುವ ಮಕ್ಕಳ ಮುಖ ನೆನಪಾಯಿತು.

ಅಕಾಲಿಕವಾಗಿ ಹುಟ್ಟಿದ ಮಕ್ಕಳ ಮೇಲೆ ಇಷ್ಟು ಕಾಳಜಿ ಯಾಕೆ ಅನ್ನುವುದಕ್ಕೂ ಇಲ್ಲೇ ಉತ್ತರ ಇದೆ. ಗರ್ಭದ 24ನೇ ವಾರದಿಂದ 40ನೇ ವಾರದವರೆಗೆ ಕಿರುಮೆದುಳು ಅತಿ ವೇಗವಾಗಿ ಬೆಳೆಯುತ್ತದೆ. ತಾಯಿಯ ಹೊಟ್ಟೆಯಲ್ಲಿ ಆಗಬೇಕಾದ ಈ ಬೆಳವಣಿಗೆ ಬೇಗ ಹುಟ್ಟಿದ ಮಗುವಿಗೆ ಐಸಿಯುನಲ್ಲಿ ಆಗುತ್ತದೆ.

ಮನೆಯಲ್ಲಿ ಇದು ಹೇಗೆ ಕಾಣಿಸುತ್ತದೆ?

ಒಬ್ಬ ಹುಡುಗನ ಬಗ್ಗೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬಿಟ್ಟಿದ್ದೇನೆ. ನಾಲ್ಕನೇ ಕ್ಲಾಸು, ಆಸ್ಟ್ರೊಸೈಟೋಮಾ ತೆಗೆದು ಒಂದು ವರ್ಷವಾಗಿತ್ತು. ಅವನಿಗೆ ಹನ್ನೆರಡು ಲೆಕ್ಕ ಇದ್ದ ಒಂದು ಹಾಳೆ ಕೊಟ್ಟೆ. ಮೊದಲ ಆರು ಕೂಡುವುದು, ಉಳಿದ ಆರು ಕಳೆಯುವುದು. ಹನ್ನೆರಡನ್ನೂ ಕೂಡಿದ. ಏಳನೆಯದರ ಚಿಹ್ನೆ ಮೇಲೆ ಬೆರಳಿಟ್ಟು "ಇದೇನು?" ಅಂದೆ. "ಮೈನಸ್" ಅಂದ. "ಮೈನಸ್ ಇದ್ರೆ ಏನ್ಮಾಡ್ಬೇಕು?" "ಕಳೀಬೇಕು." ರಬ್ಬರಿನಿಂದ ಅಳಿಸಿದ. ಪೆನ್ಸಿಲ್ ಹಿಡಿದ. ಮತ್ತೆ ಕೂಡಿದ ಉತ್ತರವನ್ನೇ ಬರೆದ. ಬರೆದ ಮೇಲೆ ನೋಡಿದ, ಕಣ್ಣಲ್ಲಿ ನೀರು ಬಂತು. "ಗೊತ್ತು ಮಿಸ್. ಆದ್ರೆ ಕೈ ಕೂಡ್ತಾ ಹೋಗುತ್ತೆ" ಅಂದ.

ಆಮೇಲೆ, ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳ್ತೀಯ ಅಂತ ಕೇಳಿದೆ. ಹಸು, ಎಮ್ಮೆ, ಕರು, ಎತ್ತು, ಹಸು ಅಂದು ನಿಂತ. ಹದಿನೈದು ಸೆಕೆಂಡು ಸುಮ್ಮನಿದ್ದ. ಸಮಯ ಮುಗಿದ ಮೇಲೆ "ಕಾಡಲ್ಲಿ?" ಅಂದೆ ಅಷ್ಟೇ. ಹುಲಿ, ಸಿಂಹ, ಆನೆ, ಕರಡಿ, ಜಿಂಕೆ, ತೋಳ ಅಂತ ಸರಸರ ಬಂತು. ಹೆಸರುಗಳೆಲ್ಲ ಒಳಗೆ ಇದ್ದವು. ಕೊಟ್ಟಿಗೆಯಿಂದ ಕಾಡಿಗೆ ದಾಟಲು ಅವನಿಗೆ ಯಾರಾದರೂ ಕೈ ಹಿಡಿಯಬೇಕಿತ್ತು.

ಮನೆಯಲ್ಲಿ ಇದೇ ಬೇರೆ ರೂಪದಲ್ಲಿ ಕಾಣುತ್ತದೆ. ದೋಸೆ ಅಂತ ಹೇಳಿ ಉಪ್ಪಿಟ್ಟು ಮಾಡಿದರೆ ತಟ್ಟೆ ಮುಂದೆ ಕೂತು ಅಳುವುದು. ಟಿವಿ ಆರಿಸಿದರೆ ಚೀರುವುದು. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುವುದು. ಆಟದ ನಿಯಮ ಬದಲಾದರೆ ಆಟ ಬಿಟ್ಟು ಬರುವುದು. ತಮಾಷೆ ಮಾತಿನಿಂದ ಗಂಭೀರ ಮಾತಿಗೆ ಬೇರೆಯವರು ಹೊರಳಿದರೂ ಇವನು ನಗುತ್ತಲೇ ಇರುವುದು. ಈ ಕೊನೆಯದರಿಂದ ಗೆಳೆಯರು ದೂರವಾಗುತ್ತಾರೆ. ನನಗೆ ಎಲ್ಲಕ್ಕಿಂತ ಹೆಚ್ಚು ಬೇಜಾರು ಇದೇ.

ಇದು ಹಠ ಅಲ್ಲ ಅಂತ ಹೇಗೆ ಗೊತ್ತಾಗುತ್ತೆ?

"ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾನೆ" ಅಂತ ಅಜ್ಜಿ ಹೇಳುತ್ತಾರೆ. ಹಠ ಮಾಡುವ ಮಗುವಿಗೆ ಏನೋ ಬೇಕಾಗಿರುತ್ತದೆ. ಅದು ಸಿಕ್ಕರೆ ಹಠ ನಿಲ್ಲುತ್ತದೆ. ಈ ಮಗು ತನಗೆ ಇಷ್ಟವಾದ ಬದಲಾವಣೆಗೂ ತಡವರಿಸುತ್ತದೆ. ಪಾರ್ಕಿಗೆ ಹೋಗೋಣ ಅಂದರೂ ಹಿಡಿದ ಪುಸ್ತಕ ಬಿಡಲು ಕಷ್ಟಪಡುತ್ತದೆ. ಅದೇ, ಹತ್ತು ನಿಮಿಷ ಮೊದಲು ಹೇಳಿ, ಎದುರಿಗೆ ಚಪ್ಪಲಿ ತಂದಿಟ್ಟರೆ ಸಲೀಸಾಗಿ ಏಳುತ್ತದೆ. ಸಮಯ ಕೊಟ್ಟಾಗ ಮಾಡುತ್ತದೆ ಅಂದರೆ ಮನಸ್ಸಿಲ್ಲ ಅಂತಲ್ಲ. ಇನ್ನೊಂದು ಗುರುತು, ತಪ್ಪಾದದ್ದು ಮಗುವಿಗೇ ಗೊತ್ತಾಗಿ ನೋಯುತ್ತದೆ, ಆ ಹುಡುಗನ ಕಣ್ಣೀರಿನ ಹಾಗೆ.

ಹಾಗಂತ ಈ ಮಕ್ಕಳು ಹಠವನ್ನೇ ಮಾಡುವುದಿಲ್ಲ ಅಂತಲ್ಲ. ಅವರೂ ಮಕ್ಕಳೇ ಅಲ್ವಾ. ಚಾಕೊಲೇಟಿಗೆ ಮಾಡುವ ಹಠ ಹಠವೇ.

ಆಪರೇಷನ್ ಆದ ಎರಡು ದಿನಕ್ಕೆ ಮಗು ಮಾತೇ ನಿಲ್ಲಿಸಿದೆ. ಇದೇನು?

ಇದನ್ನು ಸೆರೆಬೆಲ್ಲರ್ ಮ್ಯೂಟಿಸಂ ಅನ್ನುತ್ತಾರೆ. ಎಚ್ಚರವಾದಾಗ ಎರಡು ಮಾತಾಡಿದ ಮಗು ಒಂದೆರಡು ದಿನದಲ್ಲಿ ಮೌನವಾಗುತ್ತದೆ. ಅಳು, ಕಿರಿಕಿರಿ, ಮೈ ಸಡಿಲವಾಗುವುದು ಜೊತೆಗಿರುತ್ತವೆ. ಮೆಡುಲ್ಲೊಬ್ಲಾಸ್ಟೋಮಾ ಆಪರೇಷನ್ ಆದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಗಂಟಲಿಗೆ ಏನೂ ಆಗಿರುವುದಿಲ್ಲ. ಕಿರುಮೆದುಳಿನಿಂದ ಮುಂದಕ್ಕೆ ಹೋಗುವ ದಾರಿಗೆ ಪೆಟ್ಟಾಗಿರುತ್ತದೆ.

ಮಾತು ಬಹುತೇಕ ಮಕ್ಕಳಲ್ಲಿ ವಾಪಸ್ ಬರುತ್ತದೆ. ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. ಬಂದ ಮಾತು ಶುರುವಿನಲ್ಲಿ ನಿಧಾನ, ಒಂದೊಂದೇ ಪದ. ಅವರ ಹತ್ತಿರ ಮಾತಾಡುತ್ತಲೇ ಇರಿ, ಉತ್ತರಕ್ಕೆ ಒತ್ತಾಯ ಮಾಡಬೇಡಿ. ಮಗು ಕೇಳಿಸಿಕೊಳ್ಳುತ್ತಿರುತ್ತದೆ. ಮ್ಯೂಟಿಸಂ ಆದ ಮಕ್ಕಳಿಗೆ ಮುಂದೆ ಯೋಚನೆ, ಗಮನದ ತೊಂದರೆ ಬರುವ ಸಾಧ್ಯತೆ ಜಾಸ್ತಿ. ಆದ್ದರಿಂದ ಅವರನ್ನು ಬೇಗ ಪರೀಕ್ಷೆಗೆ ಕರೆದುಕೊಂಡು ಬನ್ನಿ.

ಎಡಭಾಗ, ಬಲಭಾಗ ಅಂತ ವ್ಯತ್ಯಾಸ ಇದೆಯಾ?

ಸ್ವಲ್ಪ ಇದೆ. ತಂತಿಗಳು ಅಡ್ಡ ದಾಟುತ್ತವೆ. ಕಿರುಮೆದುಳಿನ ಬಲಭಾಗ ದೊಡ್ಡ ಮೆದುಳಿನ ಎಡಭಾಗದ ಜೊತೆ ಮಾತಾಡುತ್ತದೆ. 2000ದಲ್ಲಿ ಇಟಲಿಯ ರಿವಾ ಮತ್ತು ಜಾರ್ಜಿ, ಗಡ್ಡೆ ತೆಗೆದ 26 ಮಕ್ಕಳನ್ನು ನೋಡಿದಾಗ ಬಲಭಾಗಕ್ಕೆ ಪೆಟ್ಟಾದವರಿಗೆ ಭಾಷೆ ಮತ್ತು ಕೇಳಿದ್ದನ್ನು ನೆನಪಿಡುವುದು ಕಷ್ಟವಾಗಿತ್ತು. ಎಡಭಾಗದವರಿಗೆ ಜಾಗ, ಆಕಾರ, ನೋಡಿದ್ದನ್ನು ನೆನಪಿಡುವುದು ಕಷ್ಟ. ನಡುವಿನ ವರ್ಮಿಸ್ ಭಾಗಕ್ಕೆ ಪೆಟ್ಟಾದವರಲ್ಲಿ ಮೌನ, ಸಿಡುಕು, ನಡವಳಿಕೆಯ ಏರುಪೇರು. ಆದರೆ ಒಂದು ಮಗುವಿನ ಎಂಆರ್‌ಐ ನೋಡಿ ಅದು ಮುಂದೆ ಹೀಗೇ ಆಗುತ್ತದೆ ಅಂತ ಹೇಳಲು ಇಷ್ಟು ಸಾಲದು.

ಐಕ್ಯೂ ನಾರ್ಮಲ್ ಇದೆ ಅಂದ್ರು. ಮತ್ತೆ ಯಾಕೆ ಶಾಲೆಯಲ್ಲಿ ಹಿಂದೆ ಬೀಳ್ತಾ ಇದ್ದಾಳೆ?

ಐಕ್ಯೂ ಪರೀಕ್ಷೆಯಲ್ಲಿ ಒಂದು ಸಲಕ್ಕೆ ಒಂದೇ ಬಗೆಯ ಕೆಲಸ. ಎದುರಿಗೆ ಕೂತವರು "ಈಗ ಬೇರೆ ಆಟ" ಅಂತ ಮೊದಲೇ ಹೇಳುತ್ತಾರೆ. ಕೋಣೆ ನಿಶ್ಶಬ್ದ. ಅಂದರೆ ಹೊರಳಿಸುವ ಕೆಲಸವನ್ನು ಪರೀಕ್ಷೆ ಮಾಡುವವರೇ ಮಾಡಿಕೊಡುತ್ತಾರೆ. ತರಗತಿಯಲ್ಲಿ ಕನ್ನಡ ಮುಗಿದು ಗಣಿತ, ಬೋರ್ಡಿನಿಂದ ಪುಸ್ತಕ, ಕೇಳುತ್ತಿದ್ದಾಗ ಬರೆಯಬೇಕು, ಹೀಗೆ ಗಂಟೆಗೆ ಎಷ್ಟೋ ಸಲ ತಾನೇ ಹೊರಳಬೇಕು. ಅಲ್ಲಿ ಸೋಲುತ್ತಾಳೆ. ಒಟ್ಟು ಅಂಕಿ ಒಂದನ್ನೇ ನೋಡಬೇಡಿ. ವೇಗದ ಅಂಕ, ಕೆಲಸದ ನೆನಪಿನ (ಒಂದು ಕೆಲಸ ಮುಗಿಯುವ ತನಕ ವಿಷಯವನ್ನು ತಲೆಯಲ್ಲಿ ಹಿಡಿದಿಡುವ ವರ್ಕಿಂಗ್ ಮೆಮೊರಿಯ) ಅಂಕ ಬೇರೆ ಬೇರೆ ಕೇಳಿ ತೆಗೆದುಕೊಳ್ಳಿ.

ಹಾಗಾದ್ರೆ ಯಾವ ಪರೀಕ್ಷೆ ಮಾಡ್ತಾರೆ?

ಹಳೆಯದು, ಹೆಸರುವಾಸಿಯಾದದ್ದು ವಿಸ್ಕಾನ್ಸಿನ್ ಕಾರ್ಡ್ ಪರೀಕ್ಷೆ. 1948ರಿಂದ ಇದೆ. ಕಾರ್ಡುಗಳ ಮೇಲೆ ಬೇರೆ ಬೇರೆ ಬಣ್ಣ, ಆಕಾರ, ಸಂಖ್ಯೆ. ಯಾವುದನ್ನು ನೋಡಿ ಜೋಡಿಸಬೇಕು ಅಂತ ಹೇಳುವುದಿಲ್ಲ. ಸರಿ, ತಪ್ಪು ಅಂತ ಮಾತ್ರ ಹೇಳುತ್ತಾರೆ. ಮಗು ನಿಯಮ ಕಂಡುಕೊಂಡು ಸತತವಾಗಿ ಹತ್ತು ಸಲ ಸರಿ ಮಾಡಿದ ಮೇಲೆ, ಹೇಳದೆ ಕೇಳದೆ ನಿಯಮ ಬದಲಾಗುತ್ತದೆ. ಹಳೆ ನಿಯಮದಲ್ಲೇ ಎಷ್ಟು ಸಲ ಮುಂದುವರಿದರು ಅನ್ನುವುದು ಮುಖ್ಯ ಲೆಕ್ಕ. ಪುಟ್ಟ ಮಕ್ಕಳಿಗೆ ಮೇಲೆ ಹೇಳಿದ ಬಣ್ಣ, ಚಿತ್ರದ ಕಾರ್ಡು. ದೊಡ್ಡ ಮಕ್ಕಳಿಗೆ ಒಂದು ಅಂಕಿ, ಒಂದು ಅಕ್ಷರ ಅಂತ ಸರದಿಯಲ್ಲಿ ಗೆರೆ ಎಳೆಯುವ ಟ್ರೈಲ್ ಮೇಕಿಂಗ್.

ಒಂದು ಎಚ್ಚರಿಕೆ. ಕೈ ನಡುಗುವ ಮಗುವಿಗೆ ಗೆರೆ ಎಳೆಯುವುದೇ ತಡ. ಅದನ್ನು ಯೋಚನೆಯ ತಡ ಅಂತ ಬರೆದುಬಿಡಬಾರದು. ಒಳ್ಳೆಯ ಪರೀಕ್ಷಕರು ಮೊದಲು ಬರೀ ಅಂಕಿಗಳಿಗೆ ಗೆರೆ ಎಳೆಸಿ, ಎರಡರ ವ್ಯತ್ಯಾಸ ನೋಡುತ್ತಾರೆ. ಮಗುವಿಗೆ ಕನ್ನಡ ಚೆನ್ನಾಗಿ ಬರುತ್ತಿದ್ದರೆ ಕನ್ನಡದಲ್ಲೇ ಮಾಡಿ ಅಂತ ಧೈರ್ಯವಾಗಿ ಕೇಳಿ.

ರೇಡಿಯೇಷನ್‌ನಿಂದಲೇ ಹೀಗಾಗುತ್ತದಾ?

ಅದರಿಂದ ಜಾಸ್ತಿಯಾಗುತ್ತದೆ, ಆದರೆ ಅದೊಂದೇ ಕಾರಣ ಅಲ್ಲ. 2000ದಲ್ಲಿ ಶ್ಮಾಮನ್ ಗುಂಪು ರೇಡಿಯೇಷನ್ ಪಡೆಯದ, ಕಿರುಮೆದುಳಿನ ಗಡ್ಡೆ ತೆಗೆದ 19 ಮಕ್ಕಳನ್ನು ನೋಡಿತ್ತು. ಅವರಲ್ಲೂ ಮಾತು, ನೆನಪು, ಜಾಗದ ಅಂದಾಜು, ಭಾವನೆಯ ಹಿಡಿತದಲ್ಲಿ ತೊಂದರೆ ಕಂಡಿತು.

ಮೆಡುಲ್ಲೊಬ್ಲಾಸ್ಟೋಮಾದಲ್ಲಿ ಇಡೀ ಮೆದುಳಿಗೂ ಬೆನ್ನುಹುರಿಗೂ ರೇಡಿಯೇಷನ್ ಕೊಡಬೇಕಾಗುತ್ತದೆ. ಹಿಂದೆ 36 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಅಳೆಯುವ ಮಾನ) ಕೊಡುತ್ತಿದ್ದರು. ಅಪಾಯ ಕಡಿಮೆ ಇರುವ ಮಕ್ಕಳಿಗೆ ಈಗ 23.4 ಗ್ರೇ, ಗಡ್ಡೆ ಇದ್ದ ಜಾಗಕ್ಕೆ ಮಾತ್ರ ಹೆಚ್ಚು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಆದಷ್ಟು ಕೊಡದೆ ಇರಲು ನೋಡುತ್ತಾರೆ. ಮೆದುಳನ್ನು ಉಳಿಸಿಕೊಳ್ಳಲೆಂದೇ ಇಷ್ಟೆಲ್ಲ ಕಡಿಮೆ ಮಾಡಿದ್ದು. ರೇಡಿಯೇಷನ್ ಆದ ಮಗು ಕಲಿತದ್ದನ್ನು ಮರೆಯುವುದಿಲ್ಲ. ಹೊಸದನ್ನು ಕಲಿಯುವ ವೇಗ ಕಡಿಮೆಯಾಗಿ, ವರ್ಷ ಕಳೆದಂತೆ ಓರಗೆಯವರಿಗೂ ಅವರಿಗೂ ಅಂತರ ಬೆಳೆಯುತ್ತದೆ. ಇದಕ್ಕೆ ಹೆದರಿ ಚಿಕಿತ್ಸೆ ನಿಲ್ಲಿಸುವ ಯೋಚನೆ ಮಾತ್ರ ಮಾಡಬೇಡಿ. ಮಗು ಬದುಕುವುದು ಮೊದಲು.

ಔಷಧಿ ಇದೆಯಾ?

ಯೋಚನೆ ಹೊರಳಿಸುವುದಕ್ಕೇ ಅಂತ ಒಂದು ಮಾತ್ರೆ ಇಲ್ಲ. ಗಮನದ ತೊಂದರೆ ಜೋರಾಗಿದ್ದರೆ ಡಾಕ್ಟರ್ ಅದಕ್ಕೆ ಔಷಧಿ ಕೊಡಬಹುದು. ಟಾನಿಕ್, ಮೆದುಳಿನ ಪುಡಿ ಅಂತ ಯಾರಾದರೂ ಸಾವಿರಗಟ್ಟಲೆ ಕೇಳಿದರೆ ಆ ದುಡ್ಡನ್ನು ಥೆರಪಿಗೆ ಉಳಿಸಿ.

ಮನೆಯಲ್ಲಿ ನಾವು ಏನು ಮಾಡಬಹುದು?

ಬದಲಾವಣೆಯನ್ನು ಮೊದಲೇ ಹೇಳಿ. "ಇನ್ನು ಐದು ನಿಮಿಷ, ಆಮೇಲೆ ಸ್ನಾನ." ಐದು ನಿಮಿಷ ಅಂದರೆ ಎಷ್ಟು ಅಂತ ಕಾಣಿಸಲಿ, ಗಡಿಯಾರದ ಮುಳ್ಳು ತೋರಿಸಿ. ಒಂದು ಸಲ ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಈ ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟ. ನಾವು ಮಧ್ಯೆ ಮತ್ತೆ ಮತ್ತೆ ಹೇಳಿದರೆ ಮಗು ಹೊರಳುತ್ತಿದ್ದ ಯೋಚನೆ ಅರ್ಧಕ್ಕೇ ನಿಂತು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ದಿನದ ಕೆಲಸಗಳನ್ನು ಒಂದು ಸ್ಲೇಟಿನ ಮೇಲೆ ಬರೆಯಿರಿ. ಓದಲು ಬಾರದಿದ್ದರೆ ಚಿತ್ರ ಬರೆಯಿರಿ. ಮುಗಿದದ್ದನ್ನು ಮಗುವೇ ಅಳಿಸಲಿ. ಅಳಿಸುವುದರಿಂದ "ಇದು ಮುಗಿಯಿತು" ಅನ್ನುವುದು ಕೈಗೂ ತಿಳಿಯುತ್ತದೆ. ಯೋಜನೆ ಬದಲಾಗುವಂತಿದ್ದರೆ ಬೆಳಿಗ್ಗೆಯೇ ಎರಡು ದಾರಿ ಹೇಳಿಡಿ: ಮಳೆ ಬಂದರೆ ಮನೆಯಲ್ಲಿ ಚೌಕಾಬಾರ, ಬರದಿದ್ದರೆ ಪಾರ್ಕು.

ನನಗೆ ಇಷ್ಟವಾದ ಆಟ ಕೆರೆ-ದಡ. ನೆಲದ ಮೇಲೆ ಗೆರೆ ಎಳೆದು, ಕೆರೆ ಅಂದರೆ ಒಳಗೆ, ದಡ ಅಂದರೆ ಹೊರಗೆ. ಚೆನ್ನಾಗಿ ಬಂದ ಮೇಲೆ ನಿಯಮ ತಿರುಗಿಸಿ. ಈಗ ಕೆರೆ ಅಂದರೆ ಹೊರಗೆ. ಕಾರ್ಡ್ ಪರೀಕ್ಷೆ ಕೇಳುವುದೂ ಇದನ್ನೇ. ಬ್ಯಾಲೆನ್ಸ್ ಸರಿ ಇಲ್ಲದ ಮಗು ಕುಣಿಯಲು ಹೋಗಿ ಬೀಳಬಹುದು, ಆದ್ದರಿಂದ ಅವರಿಗೆ ಟೇಬಲ್ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅಂಗೈ ಇಡಿಸಿ ಆಡಿಸುತ್ತೇನೆ. ಮೊದಲು ನಿಧಾನವಾಗಿ, ನಿಯಮ ಬದಲಿಸುವ ಮುಂಚೆ ಗಟ್ಟಿಯಾಗಿ ಹೇಳಿ. ಸುಸ್ತಾಗುವ ಮೊದಲೇ ನಿಲ್ಲಿಸಿ, ಹತ್ತು ನಿಮಿಷ ಸಾಕು.

ಒಂದು ಮಾತು ನೇರವಾಗಿ ಹೇಳುತ್ತೇನೆ. ಆಟ ಆಡಿದರೆ ಆಟ ಚೆನ್ನಾಗಿ ಬರುತ್ತದೆ. ಅದು ತಾನಾಗಿಯೇ ಶಾಲೆಗೆ, ಊಟದ ತಟ್ಟೆಗೆ ದಾಟುವುದು ಕಡಿಮೆ. ಮೊಬೈಲಿನ ಬ್ರೇನ್ ಗೇಮುಗಳದ್ದೂ ಇದೇ ಕಥೆ. ಎಲ್ಲಿ ಕಷ್ಟವೋ ಅಲ್ಲೇ ಅಭ್ಯಾಸ ಮಾಡಿಸಬೇಕು. ಲೆಕ್ಕದಲ್ಲಿ ಕಷ್ಟವಾದರೆ ಲೆಕ್ಕದ ಹಾಳೆಯಲ್ಲೇ.

ಶಾಲೆಯಲ್ಲಿ ಏನು ಕೇಳಬೇಕು?

ಮೊದಲು ಕ್ಲಾಸ್ ಟೀಚರ್ ಹತ್ತಿರ ಕೂತು ಮಾತಾಡಿ. ಒಂದು ಮಗುವಿನ ಡೈರಿಯಲ್ಲಿ "ಹೇಳಿದ ಮಾತು ಕೇಳುವುದಿಲ್ಲ" ಅಂತ ಕೆಂಪು ಪೆನ್ನಿನಲ್ಲಿ ಹನ್ನೊಂದು ಸಲ ಬರೆದದ್ದನ್ನು ನೋಡಿದ್ದೇನೆ. ಆ ಟೀಚರಿಗೆ ಮೆದುಳಿನ ಆಪರೇಷನ್ ಆಗಿದ್ದು ಗೊತ್ತೇ ಇರಲಿಲ್ಲ. ಕೂದಲು ಬೆಳೆದು ಗಾಯ ಮುಚ್ಚಿತ್ತು. ವಿಷಯ ತಿಳಿದ ಮೇಲೆ ಅವರೇ ಆ ಮಗುವನ್ನು ಮುಂದಿನ ಬೆಂಚಿಗೆ ಕರೆದು ಕೂರಿಸಿಕೊಂಡರು.

ಒಂದು ಸಲಕ್ಕೆ ಒಂದೇ ಸೂಚನೆ ಕೊಡಲಿ. ಕೂಡುವ, ಕಳೆಯುವ ಲೆಕ್ಕ ಶುರುವಿನಲ್ಲಿ ಬೇರೆ ಬೇರೆ ಹಾಳೆಯಲ್ಲಿ ಇರಲಿ. ಪೀರಿಯಡ್ ಬದಲಾಗುವಾಗ ಎರಡು ನಿಮಿಷ ಬಿಡುವು ಸಿಗಲಿ. ಬರೆಯುವ ಕೆಲಸ ಕಡಿಮೆ ಮಾಡಿ, ಬಾಯಲ್ಲಿ ಉತ್ತರ ಕೇಳಲಿ.

ಪರೀಕ್ಷೆಗೆ ಹೆಚ್ಚು ಸಮಯ ಬೇಕಿದ್ದರೆ ಕಾಗದಪತ್ರ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ತೊಂದರೆಗಳನ್ನು ಗುರುತಿಸುತ್ತದೆ. ದೀರ್ಘಕಾಲದ ನರ ಸಂಬಂಧಿ ತೊಂದರೆ, ಮಾತಿನ ತೊಂದರೆ, ಕಲಿಕೆಯ ತೊಂದರೆ ಅದರಲ್ಲಿವೆ. ನಿಮ್ಮ ಮಗು ಯಾವುದರಲ್ಲಿ ಬರುತ್ತದೆ, ಎಷ್ಟು ಪರ್ಸೆಂಟ್ ಅನ್ನುವುದನ್ನು ಮೆಡಿಕಲ್ ಬೋರ್ಡ್ ಹೇಳುತ್ತದೆ. ಪರೀಕ್ಷೆ ಹತ್ತಿರ ಬಂದಾಗ ಓಡಾಡುವ ಬದಲು ಒಂದು ವರ್ಷ ಮೊದಲೇ ಶುರು ಮಾಡಿ.

ಯಾರ ಹತ್ತಿರ ಹೋಗಬೇಕು?

ಆಪರೇಷನ್ ಮಾಡಿದ ಆಸ್ಪತ್ರೆಯಲ್ಲೇ ನ್ಯೂರೋಸೈಕಾಲಜಿ ಪರೀಕ್ಷೆಗೆ ಚೀಟಿ ಕೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ವಿಭಾಗ ಬಹಳ ಕಾಲದಿಂದ ಇದೆ. ಮಾತಿನ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ದೂರ ಹೋಗಲು ಆಗದವರು ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳಿಗೆ ಬೇಗ ನೆರವು ಕೊಡುವ ಡಿಇಐಸಿ ಕೇಂದ್ರ ಎಲ್ಲಿದೆ ಅಂತ ವಿಚಾರಿಸಿ. ಆಪರೇಷನ್ನಿನ ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ ಸಿಡಿ, ಶಾಲೆಯ ನೋಟ್ ಪುಸ್ತಕ ಮೂರನ್ನೂ ತನ್ನಿ. ನನಗೆ ನೋಟ್ ಪುಸ್ತಕದಿಂದ ಗೊತ್ತಾಗುವಷ್ಟು ಎಷ್ಟೋ ಸಲ ಸ್ಕ್ಯಾನಿನಿಂದ ಗೊತ್ತಾಗುವುದಿಲ್ಲ.

ಒಂದು ಪರೀಕ್ಷೆ ಮಾಡಿಸಿ ಫೈಲಿನಲ್ಲಿಡಬೇಡಿ. ಶಾಲೆಯ ಹೊಸ ಹಂತಕ್ಕೆ ಹೋಗುವಾಗ, ಅಂದರೆ ಒಂದನೇ ಕ್ಲಾಸು, ಐದು, ಎಂಟು, ಆಗ ಮತ್ತೆ ಮಾಡಿಸಿ. ಬೇಡಿಕೆ ಹೆಚ್ಚಾದಾಗಲೇ ಕೊರತೆ ಎದ್ದು ಕಾಣುವುದು.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು?

ಬೆಳಿಗ್ಗೆ ಎದ್ದಾಗ ತಲೆನೋವು ಮತ್ತು ವಾಂತಿ, ನಡಿಗೆ ಮತ್ತೆ ತೂರಾಡುವುದು, ಒಂದು ಎರಡಾಗಿ ಕಾಣುವುದು, ಜಾಸ್ತಿ ಮಂಪರು, ಫಿಟ್ಸ್. ತಲೆಯೊಳಗಿನ ನೀರು ಹೊರಗೆ ಹೋಗಲು ಶಂಟ್ ಅನ್ನುವ ಸಣ್ಣ ಕೊಳವೆ ಹಾಕಿದ್ದರೆ ಅದು ಕಟ್ಟಿಕೊಂಡಿರಬಹುದು. ಇವುಗಳಿಗೆ ನಾಳೆ ಅನ್ನುವುದಿಲ್ಲ, ಅವತ್ತೇ ಹೋಗಿ.

ದೊಡ್ಡವರಾದ ಮೇಲೆ ಹೇಗಿರುತ್ತಾರೆ?

ಒಬ್ಬೊಬ್ಬರದು ಒಂದೊಂದು ರೀತಿ. ಗಡ್ಡೆ ಯಾವುದು, ಎಷ್ಟು ದೊಡ್ಡದಿತ್ತು, ಯಾವ ವಯಸ್ಸಿನಲ್ಲಿ, ರೇಡಿಯೇಷನ್ ಆಯಿತೋ ಇಲ್ಲವೋ, ಮ್ಯೂಟಿಸಂ ಬಂತೋ ಇಲ್ಲವೋ, ಎಲ್ಲ ಸೇರಿ ನಿರ್ಧಾರವಾಗುತ್ತದೆ. ಬರೀ ಆಪರೇಷನ್ ಆದ ಮಕ್ಕಳಲ್ಲಿ ಬಹಳ ಜನ ಮಾಮೂಲು ಶಾಲೆಯಲ್ಲೇ ಓದುತ್ತಾರೆ. ಹೊರಳಲು ತಡವಾಗುವುದು ಪೂರ್ತಿ ಹೋಗದೆ ಇರಬಹುದು. ಆದರೆ ಅದಕ್ಕೆ ದಾರಿ ಮಾಡಿಕೊಳ್ಳುವುದನ್ನು ಅವರು ಕಲಿಯುತ್ತಾರೆ.

ಆ ಲೆಕ್ಕದ ಹುಡುಗ ಈಗ ಒಂಬತ್ತನೇ ಕ್ಲಾಸು. ಗಣಿತದ ಪೇಪರ್ ಕೈಗೆ ಬಂದ ತಕ್ಷಣ ಉತ್ತರ ಬರೆಯಲು ಹೋಗುವುದಿಲ್ಲ. ಮೊದಲು ಕೆಂಪು ಪೆನ್ಸಿಲಿನಲ್ಲಿ ಎಲ್ಲಾ ಚಿಹ್ನೆಗಳಿಗೂ ಒಂದೊಂದು ಸುತ್ತು ಹಾಕುತ್ತಾನೆ. ಆಮೇಲೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಒಂದು ಸಲ ಉಸಿರು ಎಳೆದುಕೊಳ್ಳುತ್ತಾನೆ. ಕೆಂಪು ಪೆನ್ಸಿಲ್ ನಾನು ಹೇಳಿಕೊಟ್ಟಿದ್ದು. ಕೈ ಮಡಿಲಲ್ಲಿ ಇಡುವುದು ಅವನೇ ಕಂಡುಕೊಂಡಿದ್ದು. "ಕೈ ಮೊದಲು ಸುಮ್ನೆ ಆಗ್ಲಿ ಅಂತ" ಅಂದ.